ಹೌರಾ ಸೇತುವೆಯ ಬುಡ ನೋಡಿದವರು

2024ರ ಆಗಸ್ಟ್ 7ರ ಬೆಳಿಗ್ಗೆ ಕೋಲ್ಕತ್ತಾದ ನಮ್ಮ ಆಫೀಸಿನಲ್ಲಿ ಬಂಗಾಳಿ ಗೆಳೆಯರೊಬ್ಬರು ಮೊಬೈಲ್ ಮುಂದೆ ಹಿಡಿದು, "ಇದು ನಿಮ್ಮ ಊರೇ ಅಲ್ಲವಾ?" ಎಂದರು. ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ರಾತ್ರೋರಾತ್ರಿ ಕುಸಿದಿತ್ತು. ಲಾರಿಯೊಂದು ನೀರಿಗೆ ಬಿದ್ದಿತ್ತು, ಚಾಲಕ ಬದುಕಿ ಬಂದದ್ದೇ ಪುಣ್ಯ. ಕೋಡಿಬಾಗದಿಂದ ಸದಾಶಿವಗಡದ ಕಡೆ ಹೊರಟರೆ ಎಡಕ್ಕೆ ಕಡಲು ಕಾಣುತ್ತಿದ್ದ ಆ ಸೇತುವೆಗೆ ನಲವತ್ತು ಚಿಲ್ಲರೆ ವರ್ಷ, ಅಷ್ಟೇ.

ಅವರು ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೂ ಚುಚ್ಚಿತು. ನಾನು ದಿನಾ ಹೌರಾ ಸ್ಟೇಷನ್ನಿನಲ್ಲಿ ಇಳಿದು ನಡೆಯುವ ಸೇತುವೆ 1943ರದ್ದು. ಹೂಗ್ಲಿಯ ನೀರಿನಲ್ಲಿ ಒಂದೂ ಕಂಬವಿಲ್ಲ. ಎರಡೂ ದಡದ ಗೋಪುರಗಳಿಂದ ಚಾಚಿದ ಉಕ್ಕಿನ ತೋಳುಗಳು ನಡುವಿನ ತುಂಡನ್ನು ಎತ್ತಿ ಹಿಡಿದಿವೆ. ಗೋಪುರದಿಂದ ಗೋಪುರಕ್ಕೆ 457 ಮೀಟರ್. 26,500 ಟನ್ ಉಕ್ಕಿನಲ್ಲಿ 23,000 ಟನ್ ಟಾಟಾದವರದ್ದು. ನಟ್ಟು ಬೋಲ್ಟಿಲ್ಲ, ಎಲ್ಲ ರಿವೆಟ್. ತಲೆಹೊರೆಯವರು, ಮಲ್ಲಿಕ್ ಘಾಟಿನ ಚೆಂಡುಹೂವಿನ ಮೂಟೆಗಳು, ಬಸ್ಸು, ಹಳದಿ ಟ್ಯಾಕ್ಸಿ, ಎಲ್ಲವೂ ಅದರ ಮೇಲೆಯೇ.

ನನಗೆ ಮುಖ್ಯವೆನಿಸುವುದು ಅದರ ಗಾತ್ರವಲ್ಲ. ದಾರಿಹೋಕರು ಪಾನ್ ಜಗಿದು ಉಗಿದು ಉಗಿದು, ರಸ್ತೆಯನ್ನು ಹೊತ್ತ ಉಕ್ಕಿನ ಕಂಬಿಗಳ ಬುಡ ಸವೆಯತೊಡಗಿತ್ತು. ಸೇತುವೆ ನೋಡಿಕೊಳ್ಳುವ ಬಂದರಿನವರು ಅದನ್ನು ಕಂಡುಹಿಡಿದು, ಬುಡಗಳಿಗೆ ಫೈಬರ್‌ಗ್ಲಾಸ್ ಹೊದಿಕೆ ಹಾಕಿಸಿದರು. ಉಗುಳುವುದನ್ನು ನಿಲ್ಲಿಸಲಾಗಲಿಲ್ಲ, ಸರಿ. ಆದರೆ ಯಾರೋ ಬಗ್ಗಿ ಬುಡ ನೋಡಿದ್ದರು! ನಮ್ಮಲ್ಲಿ ಸೇತುವೆ ಕಟ್ಟಿದ ದಿನ ಹಾರ, ಬಿದ್ದ ದಿನ ತನಿಖೆ. ನಡುವಿನ ವರ್ಷಗಳಲ್ಲಿ ಉಪ್ಪುನೀರಿನಲ್ಲಿ ನಿಂತ ಕಂಬಗಳನ್ನು ಕೇಳುವವರು ಯಾರು?

ಕೋಲ್ಕತ್ತಾ ಏನೂ ಸಾಚಾ ಅಲ್ಲ, ಒಪ್ಪುತ್ತೇನೆ. 2018ರಲ್ಲಿ ಮಾಜೇರ್‌ಹಾಟ್ ಸೇತುವೆ ಬಿತ್ತು. ಅದಕ್ಕೂ ಮುಂಚೆ 2016ರಲ್ಲಿ, ಹೌರಾ ಸೇತುವೆಗೆ ಹತ್ತಿರದಲ್ಲೇ ಕಟ್ಟುತ್ತಿದ್ದ ಫ್ಲೈಓವರ್ ಜನರ ಮೇಲೆಯೇ ಕುಸಿಯಿತು. ನಮ್ಮಲ್ಲೂ ಪೂರ್ಣಯ್ಯನವರ ಕಾಲದ ಶ್ರೀರಂಗಪಟ್ಟಣದ ಕಲ್ಲುಸೇತುವೆ ಇನ್ನೂ ಕಾವೇರಿಯಲ್ಲಿ ನಿಂತಿದೆ. ಬಾಳಿಕೆ ಬರುವಂತೆ ಕಟ್ಟುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ಕಾಳಿಗೆ ಅಡ್ಡಲಾಗಿ ಉಳಿದಿರುವ ಹೊಸ ಸೇತುವೆಯ ಮೇಲೆ ನನ್ನ ಅಮ್ಮ ಬಸ್ಸಿನಲ್ಲಿ ಓಡಾಡುತ್ತಾಳೆ. ಅದರ ಕಂಬಗಳನ್ನು ಯಾರು ಪರೀಕ್ಷಿಸಿದರು, ಯಾವ ದಿನ, ಏನು ಕಂಡಿತು ಎಂದು ಎರಡೂ ತುದಿಯಲ್ಲಿ ಬೋರ್ಡು ಬರೆಸಿ ಹಾಕಲಿ, ಕನ್ನಡದಲ್ಲಿ, ಬಸ್ಸಿನ ಕಿಟಕಿಯಿಂದ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ.