ಯೋಗ ಮೇಡಂಗೆ ಸೊಂಟ ನೋವಂತೆ!

ಸೋಮವಾರ 20 ಲೀಟರಿನ ನೀರಿನ ಕ್ಯಾನ್ ಎತ್ತುವಾಗ ಸೊಂಟ ಕಳಕ್ ಎಂದಿತು. ನೋವಿಗಿಂತ ಮೊದಲು ಬಂದದ್ದು ಭಯ. ಯಾರಾದರೂ ನೋಡಿಬಿಟ್ಟರಾ? ಯಾಕೆಂದರೆ ನಾನು ಯೋಗ ಟೀಚರು.

ಹಲ್ಲಿನ ಡಾಕ್ಟರಿಗೆ ಹಲ್ಲು ನೋವು ಬರಬಹುದು. ನಾನು ಮಾತ್ರ ಸೀನುವ ಹಾಗೂ ಇಲ್ಲ. ಸೀನಿದರೆ, "ಏನ್ ಮೇಡಂ, ಪ್ರಾಣಾಯಾಮ ಮಾಡಲ್ವಾ?" ಆಟೋದವನ ಜೊತೆ ಚೌಕಾಸಿಗೆ ನಿಂತರೆ, "ನೀವೇ ಹಿಂಗೆ ಕೋಪ ಮಾಡ್ಕೊಂಡ್ರೆ ಹೆಂಗೆ?" ಗಾಂಧಿ ಬಜಾರಿನಲ್ಲಿ ಬೋಂಡಾ ತಿನ್ನುವಾಗ ಸಿಕ್ಕಿಬಿದ್ದ ಕಥೆ ಬೇಡ ಬಿಡಿ.

ಇದನ್ನೆಲ್ಲ ಜಾಸ್ತಿ ಹೇಳುವವರು ನಮ್ಮ ರಾಯರು. ಬ್ಯಾಂಕಿನಿಂದ ರಿಟೈರ್ ಆದವರು. ಜಯನಗರದ ನನ್ನ ಬೆಳಗಿನ ಆರೂವರೆ ಕ್ಲಾಸಿಗೆ ಒಂದು ದಿನ ತಪ್ಪಿಸುವುದಿಲ್ಲ. ಬರುವುದು ಶವಾಸನಕ್ಕೆ. ಉಳಿದ ಆಸನಗಳೆಲ್ಲ ಅವರಿಗೆ ಬರೀ ಪೀಠಿಕೆ. ಮಲಗಿದ ಎರಡನೇ ನಿಮಿಷಕ್ಕೆ ಗೊರಕೆ. ಎದ್ದ ಮೇಲೆ, "ನಿದ್ದೆ ಅಲ್ಲ ಮೇಡಂ, ಆಳಕ್ಕೆ ಹೋಗಿದ್ದೆ."

ಮಂಗಳವಾರ ನಾನು ಬಗ್ಗಲಾಗದೆ ಕುರ್ಚಿ ಹಿಡಿದು ನಿಂತೆ. ರಾಯರು ಬಿಡುತ್ತಾರಾ? "ಕುರ್ಚಿ ಹಿಡ್ಕೊಂಡು ಮಾಡೋದು ಯಾವ ಯೋಗ?"

ಬಿ.ಕೆ.ಎಸ್. ಅಯ್ಯಂಗಾರ್ಯರ ಯೋಗ, ರಾಯರೇ! ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಚಿಕ್ಕ ವಯಸ್ಸಿಗೇ ಕಂಡವರು. 1934ರಲ್ಲಿ ಮೈಸೂರಿಗೆ, ಯೋಗ ಕಲಿಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಮನೆಗೆ ಬಂದಾಗ ನರಪೇತಲ ಹುಡುಗ. ಮುಂದೆ ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆ ಎಲ್ಲವನ್ನೂ ಯೋಗಕ್ಕೆ ಎಳೆದು ತಂದವರು ಅವರೇ. ಇಷ್ಟೂ ಒಂದೇ ಉಸಿರಿಗೆ ಹೇಳಿದೆ. ರಾಯರು ಸಮಾಧಾನವಾಗಿ ಕೇಳಿಸಿಕೊಂಡು, "ಅದ್ಸರಿ, ನಿಮಗೆ ಸೊಂಟ ನೋವಾ?" ಎಂದರು.

14 ವರ್ಷದ ಹಿಂದೆ ಅಕೌಂಟ್ಸ್ ಕೆಲಸ ಬಿಟ್ಟು ಚಾಪೆ ಹಾಸಿದಾಗ ಅಮ್ಮ, "ಬಗ್ಗಿ ಏಳೋದಕ್ಕೆ ಯಾರೇ ದುಡ್ಡು ಕೊಡ್ತಾರೆ?" ಎಂದಿದ್ದಳು. ಮೊದಲ ತಿಂಗಳು ಬಂದವರು ಮೂವರು. ಅದರಲ್ಲಿ ಒಬ್ಬಳು ಅಮ್ಮನೇ. ಮಂಡಿ ನೋವು, ಹಿಂದೆ ಕುರ್ಚಿಯಲ್ಲಿ ಕೂತು ಕೈ ಎತ್ತುತ್ತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಬೆನ್ನು ಸವರಿ, "ನೋಯಲ್ವೇನೇ?" ಎಂದು ಕೇಳುತ್ತಿದ್ದಳು. ಮಂಗಳವಾರ ನಾನು ಹಿಡಿದು ನಿಂತದ್ದು ಅದೇ ಕುರ್ಚಿ.

ಇವತ್ತು ಬೆಳಿಗ್ಗೆ ಬುದ್ಧಿ ಕೆಟ್ಟು, ಶವಾಸನಕ್ಕೆ ನಾನೂ ಮಲಗಿದೆ. ಆಹಾ, ಸ್ವರ್ಗ. ಐದು ನಿಮಿಷವಾಯಿತು. "ನಿಧಾನವಾಗಿ ಬಲಕ್ಕೆ ಹೊರಳಿ" ಎನ್ನಬೇಕು. ಮೊದಲು ನಾನು ಹೊರಳಲು ನೋಡಿದೆ. ಸೊಂಟ ಒಪ್ಪಲಿಲ್ಲ. "ಕಾಲಿನ ಹೆಬ್ಬೆರಳು ಸಡಿಲ ಬಿಡಿ" ಎಂದೆ. ಇನ್ನೊಮ್ಮೆ ನೋಡಿದೆ. ಊಹೂಂ. "ಕಿವಿ ಸಡಿಲ ಬಿಡಿ." ಹತ್ತು ನಿಮಿಷ. "ಹುಬ್ಬು." ಹದಿನೈದು. ಸಡಿಲ ಬಿಡಲು ಅಂಗಗಳೇ ಮುಗಿದುಹೋದವು. "ಪಿತ್ತಕೋಶ ಸಡಿಲ ಬಿಡಿ" ಎಂದೂ ಹೇಳಿದೆ. ಯಾರೂ ಹೇಗೆ ಎಂದು ಕೇಳಲಿಲ್ಲ. ರಾಯರಂತೂ ಯಾವತ್ತೋ ಬಿಟ್ಟಿದ್ದರು, ಗೊರಕೆ ಕೇಳುತ್ತಿತ್ತು.

ಅಷ್ಟರಲ್ಲಿ ಕೆಳಗೆ ಕಸದ ಗಾಡಿ ಬಂತು. ಹನ್ನೊಂದು ಶವಗಳು ಒಟ್ಟಿಗೆ ಎದ್ದು ಕೂತವು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಮಾನ ಉಳಿಯಬೇಕಲ್ಲ.

"ಶ್!" ರಾಯರ ಪಿಸುಮಾತು. "ಮೇಡಂ ಆಳಕ್ಕೆ ಹೋಗಿದ್ದಾರೆ. ಸದ್ದು ಮಾಡ್ಬೇಡಿ."

ಎಲ್ಲರೂ ತುದಿಗಾಲಲ್ಲಿ ಹೊರಟರು. ಹೋಗುವಾಗ ಯಾರೋ ಪುಣ್ಯಾತ್ಮರು ಫ್ಯಾನೂ ಆಫ್ ಮಾಡಿದರು.