ರೋಹಿಣಿ, ಗುರು ಮತ್ತು ಪಕ್ಕದ ಕಣದ ಲೈಟು

"ಚಿಕ್ಕಪ್ಪಾ, ಬೀದಿ ದೀಪದ ಫೋಟೊ ಯಾಕೆ ಕಳಿಸಿದ್ರಿ?" ಅಂತ ಅಣ್ಣನ ಮಗ ಕೇಳಿದ.

ಬೀದಿ ದೀಪವಂತೆ! ಅದು 2024ರ ಡಿಸೆಂಬರ್ 14ರ ಚಂದ್ರ. ಮರುದಿನ ಹುಣ್ಣಿಮೆ. ಪಕ್ಕದಲ್ಲೇ ಗುರು ಗ್ರಹ, ಸ್ವಲ್ಪ ಆಚೆ ಕೆಂಪಗೆ ರೋಹಿಣಿ ನಕ್ಷತ್ರ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಭತ್ತದ ಕದಿರು ತೆಗೆಯಲು ನಾವು ಲೆಕ್ಕ ಹಾಕುವುದು ಇದೇ ರೋಹಿಣಿಯನ್ನು. ನೆಂಟರು ಬಂದ ಹಾಗೆ ಎಲ್ಲರೂ ಒಟ್ಟಿಗೆ ಸಿಕ್ಕಿದ್ದರು, ಬಿಡಲು ಮನಸ್ಸಾಗಲಿಲ್ಲ.

ತೊಂದರೆ ಇಷ್ಟೇ. ಚಂದ್ರ ಅಂದರೆ ಬಿಸಿಲಿಗೆ ಬಿದ್ದ ಬಂಡೆ. ಕ್ಯಾಮೆರಾದಲ್ಲಿ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 100, ಲೆನ್ಸಿನ ಕಿಂಡಿ ಎಫ್ 11 ಇಟ್ಟರೆ ಸೆಕೆಂಡಿನ ನೂರನೇ ಒಂದು ಪಾಲು ಬೆಳಕು ಬಿಟ್ಟರೆ ಸಾಕು. ನಕ್ಷತ್ರಗಳಿಗೆ ಸೆಕೆಂಡುಗಟ್ಟಲೆ ಬೇಕು. ಒಬ್ಬರನ್ನು ಒಲಿಸಿದರೆ ಇನ್ನೊಬ್ಬರು ಮುನಿಯುತ್ತಾರೆ.

ಅದಾದರೂ ಸಹಿಸಬಹುದು. ಪಕ್ಕದ ತೋಟದ ಮಾಮನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಅದಕ್ಕೊಂದು ಲೈಟು. ಲೈಟೋ, ಇನ್ನೊಂದು ಸೂರ್ಯನೋ! ನಮ್ಮ ಅಂಗಳದ ಕಾಳುಮೆಣಸಿನ ಬಳ್ಳಿಯ ಎಲೆ ಎಣಿಸಬಹುದಿತ್ತು. 'ನಕ್ಷತ್ರ ನೋಡಲು ಬನ್ನಿ' ಅಂತ ಬೋರ್ಡ್ ಹಾಕಿ, ಆ ಬೋರ್ಡಿಗೇ ಎರಡು ಫ್ಲಡ್‌ಲೈಟ್ ಬಿಡುವ ಹೋಂಸ್ಟೇಯವರನ್ನು ಆಮೇಲೆ ಬೈಯುತ್ತೇನೆ. ಮೊದಲು ಮಾಮ.

"ಹತ್ತು ನಿಮಿಷ ಆರಿಸಿ ಮಾಮ, ಚಂದ್ರನ ಫೋಟೊ ತೆಗೀಬೇಕು."

"ಕಾಫಿ ರೇಟು ಗೊತ್ತುಂಟಾ ನಿನಗೆ? ಚಂದ್ರನನ್ನು ಯಾರೂ ಕದಿಯಲ್ಲ ಮಾರಾಯ, ನಾಳೆ ತೆಗಿ."

ನಾಳೆ ಚಂದ್ರ ಗುರುವನ್ನು ಬಿಟ್ಟು ಹೋಗಿರುತ್ತಾನೆ ಅಂದೆ. ಹೋಗಲಿ, ಅವನಿಗೂ ಕೆಲಸ ಇರ್ತದಲ್ವಾ ಅಂದರು. ಅವರು ಒಂದು ಲೋಟ ಕಾಫಿ ಕೊಟ್ಟರು, ನಾನು ಕುಡಿದೆ, ಮತ್ತೆ ಕೇಳಿದೆ. ಕೊನೆಗೆ ಷರತ್ತಿನ ಮೇಲೆ ಒಪ್ಪಿದರು: ಲೈಟು ಆರಿದಷ್ಟು ಹೊತ್ತು ಕಣ ಕಾಯುವುದು ನನ್ನ ಕೆಲಸ.

ಹೀಗಾಗಿ ಕ್ಯಾಮೆರಾ ನಮ್ಮ ಅಂಗಳದಲ್ಲಿ, ನಾನು ಅವರ ಕಣದಲ್ಲಿ. ರೋಹಿಣಿಗೆ ಅಂತ ಎಂಟು ಸೆಕೆಂಡು ಇಟ್ಟು, ಟೈಮರ್ ಒತ್ತಿ ಬೇಲಿ ದಾಟಿ ಓಡುವುದು, ಟಾರ್ಚ್ ಹಿಡಿದು ಕಣ ಸುತ್ತುವುದು, ಮತ್ತೆ ಓಡಿ ಬರುವುದು. ಚಂದ್ರನಿಗೆ ಬೇರೆ ಲೆಕ್ಕ ಇಡಬೇಕೆಂದು ನೆನಪಾಗುವಷ್ಟರಲ್ಲಿ ಹೊಳೆ ಕಡೆಯಿಂದ ಮಂಜು ಏರಿತ್ತು. ಮಾಮನ ಲೈಟೂ ಹತ್ತಿತು. ಉಳಿದದ್ದು ಆ ಬೀದಿ ದೀಪ.

ಬೆಳಿಗ್ಗೆ ಕಾಫಿ ಹರವುತ್ತಾ ಮಾಮ ನನ್ನನ್ನೇ ನೋಡಿದರು. "ಮೂಲೆಯಲ್ಲಿ ಸ್ವಲ್ಪ ಕಮ್ಮಿ ಆದ ಹಾಗೆ ಕಾಣ್ತದಲ್ಲ?"