ಇಂದೇ ಕೊನೆಯ ದಿನ, ನಾಳೆಯೂ ಕೊನೆಯ ದಿನ

ಕುರ್ಚಿ ಒಂದೇ, ಬೆಲೆ ಏಳು. ಬೆಂಗಳೂರಿನಲ್ಲಿ ಸಮುದಾಯದವರೇ ಸೇರಿ ನಡೆಸುವ ಟೆಕ್ ಕಾನ್ಫರೆನ್ಸುಗಳ ಟಿಕೆಟ್ ಪಟ್ಟಿಯನ್ನು ಸುಮ್ನೆ ಒಮ್ಮೆ ತೆಗೆದು ನೋಡಿ. ಬ್ಲೈಂಡ್ ಬರ್ಡ್, ಸೂಪರ್ ಅರ್ಲಿ ಬರ್ಡ್, ಅರ್ಲಿ ಬರ್ಡ್, ರೆಗ್ಯುಲರ್, ಲೇಟ್, ಸ್ಟೂಡೆಂಟ್, ಕಾರ್ಪೊರೇಟ್. ರಂಗನತಿಟ್ಟಿನಲ್ಲೂ ಹಕ್ಕಿಗಳನ್ನು ಇಷ್ಟು ಶ್ರದ್ಧೆಯಿಂದ ವಿಂಗಡಿಸಿರಲಾರರು.

ಬ್ಲೈಂಡ್ ಬರ್ಡ್ ನನ್ನ ತಮಾಷೆಯಲ್ಲ. ಯಾರು ಮಾತಾಡುತ್ತಾರೆ, ಏನು ಮಾತಾಡುತ್ತಾರೆ ಎಂದು ತಿಳಿಸುವ ಮೊದಲೇ ಮಾರುವ ಟಿಕೆಟ್ಟಿಗೆ ನಿಜವಾಗಿ ಇರುವ ಹೆಸರೇ ಅದು. ಏಳರಲ್ಲಿ ಪ್ರಾಮಾಣಿಕವಾದ ಹೆಸರೂ ಅದೊಂದೇ ಇರಬೇಕು.

ಅರ್ಲಿ ಬರ್ಡ್, ಅಂದರೆ ಮೊದಲೇ ಕೊಂಡವರಿಗೆ ಡಿಸ್ಕೌಂಟಿನಲ್ಲಿ ಕೊಡುವ ಟಿಕೆಟ್, ಯಾಕೆ ಹುಟ್ಟಿತು ಎಂಬುದಕ್ಕೆ ಕಾರಣವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಸಭಾಂಗಣದವರು ತಿಂಗಳುಗಟ್ಟಲೆ ಮೊದಲೇ ಅಡ್ವಾನ್ಸ್ ಕೇಳುತ್ತಾರೆ. ಕೇಟರಿಂಗ್‌ನವರು "ಎಷ್ಟು ಪ್ಲೇಟ್ ಸಾರ್?" ಎಂದು ದಿನಾ ಫೋನ್ ಮಾಡುತ್ತಾರೆ. ಸ್ಪಾನ್ಸರ್ ಕಂಪನಿ ಮಾತ್ರ ಲೋಗೋವನ್ನು ಅದೇ ದಿನ ಕಳಿಸಿ, ದುಡ್ಡನ್ನು ಕಾರ್ಯಕ್ರಮ ಮುಗಿದ ಮೇಲೆ ನಿಧಾನಕ್ಕೆ ಕಳಿಸುತ್ತದೆ. ಲೋಗೋ ಚಿಕ್ಕದಾಯಿತು ಎಂಬ ಆಕ್ಷೇಪ ಮಾತ್ರ ತಕ್ಷಣ ಬರುತ್ತದೆ. ಈ ನಡುವಿನ ಖರ್ಚಿಗೆ ದುಡ್ಡೆಲ್ಲಿ? ಅದಕ್ಕೇ ಅರ್ಲಿ ಬರ್ಡ್. ಸರಿಯಾಗಿ ನೋಡಿದರೆ ಅದು ಟಿಕೆಟ್ಟೇ ಅಲ್ಲ, ಕೈಗಡ. ಸಿಗುವ ಡಿಸ್ಕೌಂಟೇ ಬಡ್ಡಿ.

ಈ ಕೈಗಡ ಕೊಡುವವರು ಯಾರು ಗೊತ್ತಾ? ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿ. ಕೆಲಸ ಹುಡುಕುತ್ತಿರುವ ಹುಡುಗಿ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದ ಕಂಪನಿ ಕೊಡುವುದಿಲ್ಲ, ಅಲ್ಲಿ ಇನ್ನೂ ಮ್ಯಾನೇಜರ್ ಅಪ್ರೂವಲ್ ಬಂದಿಲ್ಲ. ಕೈಯಲ್ಲಿ ದುಡ್ಡಿಲ್ಲದವರು ಸಾಲ ಕೊಡುತ್ತಾರೆ, ದುಡ್ಡಿದ್ದವರು ಅಪ್ರೂವಲ್‌ಗೆ ಕಾಯುತ್ತಾರೆ. ಇದಕ್ಕೆ ಸಮುದಾಯ ಎಂದು ಹೆಸರು.

ಆಮೇಲೆ ಶುರುವಾಗುತ್ತದೆ ಕೊನೆಯ ದಿನಗಳ ಸರಣಿ. "ಅರ್ಲಿ ಬರ್ಡ್‌ಗೆ ಇಂದೇ ಕೊನೆಯ ದಿನ" ಎಂದು ಶುಕ್ರವಾರ ಮೆಸೇಜ್ ಬರುತ್ತದೆ. ಶನಿವಾರ ಬೆಳಿಗ್ಗೆ, "ನಿಮ್ಮೆಲ್ಲರ ಒತ್ತಾಯದ ಮೇರೆಗೆ ಒಂದು ವಾರ ವಿಸ್ತರಿಸಲಾಗಿದೆ." ಒತ್ತಾಯ ಮಾಡಿದವರನ್ನು ಇದುವರೆಗೆ ಯಾರೂ ಕಂಡಿಲ್ಲ. ಆಷಾಢದ ಡಿಸ್ಕೌಂಟ್ ಸೇಲಾದರೂ ಶ್ರಾವಣ ಬಂತು ಎಂದರೆ ಮುಗಿಯುತ್ತದೆ. ಇಲ್ಲಿ ಶ್ರಾವಣವೇ ಬರುವುದಿಲ್ಲ.

ಕೊನೆಯ ವಾರ ಇನ್ನೂ ಚೆನ್ನ. ಸಭಾಂಗಣ ಅರ್ಧ ಖಾಲಿ ಎಂದು ಗೊತ್ತಾಗುತ್ತದೆ. ಖಾಲಿ ಕುರ್ಚಿಗಳ ಮುಂದೆ ಸ್ಪಾನ್ಸರ್ ಲೋಗೋ ಬೆಳಗಿದರೆ ಫೋಟೋ ಚೆನ್ನಾಗಿರುವುದಿಲ್ಲ. ಆಗ ಕೂಪನ್ ಕೋಡ್‌ಗಳ ಮಳೆ ಶುರು. ಸ್ಪೀಕರ್‌ಗೊಂದು ಕೋಡ್, ವಾಲಂಟಿಯರ್‌ಗೊಂದು ಕೋಡ್, ಮೂರು ಮೀಟಪ್ ಗ್ರೂಪುಗಳಿಗೆ ಒಂದೊಂದು ಕೋಡ್. ಸ್ಪಾನ್ಸರ್‌ಗೆ ಸ್ಟಾಲ್ ಜೊತೆ ಕೊಟ್ಟ ಪಾಸುಗಳನ್ನು ಆ ಕಂಪನಿಯಲ್ಲಿ ಮುಟ್ಟುವವರಿರುವುದಿಲ್ಲ. ಎಚ್‌ಆರ್‌ನವರು ಅವನ್ನೂ ವಾಟ್ಸಾಪಿಗೆ ಬಿಡುತ್ತಾರೆ. ಕೊನೆಗೆ ಲೆಕ್ಕ ಹೀಗಾಗುತ್ತದೆ: ಎಲ್ಲರಿಗಿಂತ ಮೊದಲು ನಂಬಿ ದುಡ್ಡು ಕಟ್ಟಿದವನ ಪಕ್ಕದಲ್ಲಿ, ಹಿಂದಿನ ರಾತ್ರಿ ಪುಕ್ಕಟೆ ಪಾಸು ಸಿಕ್ಕವನು ಕೂತು ಅದೇ ಟೀ ಶರ್ಟ್ ಹಾಕಿಕೊಂಡು ಅದೇ ಪಲಾವ್ ತಿನ್ನುತ್ತಾನೆ. ರೀಫಂಡ್ ಕೇಳುವಂತಿಲ್ಲ. ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿರುತ್ತಾರೆ.

ಕಾರ್ಪೊರೇಟ್ ಟಿಕೆಟ್ ಬೇರೆಯೇ ನಾಟಕ. ಕುರ್ಚಿ ಅದೇ, ಕಾಫಿ ಅದೇ. ಬಿಲ್ಲಿನ ಮೇಲೆ ಕಂಪನಿಯ ಹೆಸರಿದೆ ಎಂಬುದಕ್ಕಷ್ಟೇ ಬೆಲೆ ಹೆಚ್ಚು. "ನಿಮ್ಮ ಕಂಪನಿ ದುಡ್ಡು ಕೊಡುತ್ತಿದ್ದರೆ ದಯವಿಟ್ಟು ಕಾರ್ಪೊರೇಟ್ ಟಿಕೆಟ್ಟನ್ನೇ ಕೊಳ್ಳಿ" ಎಂದು ಆಯೋಜಕರು ಕೈಮುಗಿದು ಬರೆದಿರುತ್ತಾರೆ. ಓಪನ್ ಸೋರ್ಸ್ ಮೇಲೆ, ಅಂದರೆ ಯಾರು ಬೇಕಾದರೂ ತೆಗೆದು ನೋಡಿ ಬಳಸಬಹುದಾದ ಕೋಡಿನ ಮೇಲೆ, ಇಡೀ ವ್ಯಾಪಾರ ಕಟ್ಟಿದ ಕಂಪನಿ ತನ್ನ ಉದ್ಯೋಗಿಗೆ ಹೇಳುವುದು ಒಂದೇ ಮಾತು: ನಿಮ್ಮ ಹೆಸರಿನಲ್ಲೇ ಮಾಮೂಲಿ ಟಿಕೆಟ್ ತಗೊಳ್ಳಿ, ಆಮೇಲೆ ಕ್ಲೇಮ್ ಮಾಡಿ. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆಯೋಜಕರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಒಂದಿಬ್ಬರು ದೊಡ್ಡ ಸ್ಪಾನ್ಸರ್ ಬಂದರೆ ಸಾಕು, ಗೆರೆ ದಾಟಿಬಿಡುತ್ತದೆ. ಕಂಪನಿ ತನ್ನ ಹೆಸರಿನಲ್ಲಿ ಬಿಲ್ ಪಡೆದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಬಹುದು. ಸ್ವಂತ ಜೇಬಿನಿಂದ ಕೊಟ್ಟವನಿಗೆ ಆ 18 ಪೂರ್ತಿ ಹೊರೆ. ಟಿಕೆಟ್ ಮಾರುವ ಆ್ಯಪಿನವರ ಕನ್ವೀನಿಯನ್ಸ್ ಫೀ ಮೇಲೂ ಮತ್ತೆ ತೆರಿಗೆ. ಕನ್ವೀನಿಯನ್ಸ್ ಯಾರದ್ದು ಅಂತ ಮಾತ್ರ ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಹಾಗಾದರೆ ಪುಕ್ಕಟೆ ಮಾಡಿಬಿಡಿ ಎನ್ನುವವರೂ ಇದ್ದಾರೆ. ಬ್ರಸೆಲ್ಸ್‌ನಲ್ಲಿ ಪ್ರತಿ ಚಳಿಗಾಲ ನಡೆಯುವ ಓಪನ್ ಸೋರ್ಸ್ ಕಾನ್ಫರೆನ್ಸ್ ಫಾಸ್‌ಡೆಮ್ ಹಾಗೇ ನಡೆಯುತ್ತದೆ. ಟಿಕೆಟ್ಟಿಲ್ಲ, ನೋಂದಣಿಯೂ ಇಲ್ಲ, ಸಾವಿರಾರು ಜನ ನೇರ ಒಳಗೆ ಹೋಗುತ್ತಾರೆ. ಕೋಣೆ ತುಂಬಿದರೆ ಬಾಗಿಲಿಗೆ "ಭರ್ತಿ" ಎಂಬ ಕಾಗದ ಅಂಟಿಸುತ್ತಾರೆ, ಅಷ್ಟೇ. ಆದರೆ ಅಲ್ಲಿ ಜಾಗ ವಿಶ್ವವಿದ್ಯಾಲಯದ್ದು. ಖರ್ಚಿಗೆ ಸ್ಪಾನ್ಸರು, ದೇಣಿಗೆ, ಟೀ ಶರ್ಟು ಇವೆ, ಬಿಯರ್ ಕೂಡ ಮಾರುತ್ತಾರೆ. ನಮ್ಮ ಕಾಲೇಜೊಂದರ ಆವರಣದಲ್ಲಿ ಬಿಯರ್ ಮಾರಿ ಕಾನ್ಫರೆನ್ಸ್ ಮಾಡುತ್ತೇವೆ ಎಂದು ಪ್ರಿನ್ಸಿಪಾಲರ ಬಳಿ ಹೋಗಿ ಹೇಳಿ ನೋಡಿ.

ನಮ್ಮಲ್ಲಿ ಪುಕ್ಕಟೆ ಎಂದರೆ ಎಲ್ಲರೂ ಹೆಸರು ಬರೆಸುತ್ತಾರೆ, ಬರುವ ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನಪಾಗಿ ಮನೆಯಲ್ಲೇ ಉಳಿಯುತ್ತಾರೆ. ಮಾಡಿಸಿದ ಊಟ ಉಳಿಯುತ್ತದೆ. ಅದಕ್ಕೆ ನೂರು ರೂಪಾಯಿ ಠೇವಣಿ, ಬಂದರೆ ವಾಪಸ್ ಎಂಬ ಉಪಾಯವೂ ಆಯಿತು. ಬಂದವರಿಗೆ ಯುಪಿಐನಲ್ಲಿ ನೂರು ರೂಪಾಯಿ ವಾಪಸ್ ಕಳಿಸುತ್ತಾ ಕೂತ ವಾಲಂಟಿಯರ್ ಒಂದು ಭಾಷಣವನ್ನೂ ಕೇಳಲಿಲ್ಲ.

ಇನ್ನೊಂದು ತುದಿಯಲ್ಲಿ ಅಮೆರಿಕದ ಪೈಕಾನ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಕಾನ್ಫರೆನ್ಸ್. ಅಲ್ಲಿ ಭಾಷಣಕಾರರೂ ಟಿಕೆಟ್ ಕೊಳ್ಳಬೇಕು, ಆಯೋಜಕರೂ ಕೊಳ್ಳಬೇಕು. ಕೊಳ್ಳಲಾಗದವರಿಗೆ ಬೇರೆ ನೆರವಿದೆ. ನನಗೆ ಇದು ಬಹಳ ಇಷ್ಟ. ನಮ್ಮಲ್ಲಿ ಯಾರಾದರೂ ಇದನ್ನು ಸೂಚಿಸಿದರೆ ಮೊದಲು ಮೌನವಾಗುವುದು ವಿಐಪಿ ಪಾಸಿನ ಗುಂಪು.

ಈ ಊರಿಗೆ ಇದೆಲ್ಲ ಹೊಸದಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾದ ಓಪನ್ ಸೋರ್ಸ್ ಕಾನ್ಫರೆನ್ಸ್ 2005ರಲ್ಲಿ ಫಾಸ್ ಡಾಟ್ ಇನ್ ಆಗಿ 2012ರವರೆಗೆ ನಡೆಯಿತು. ಮೊದಲ ಪೈಕಾನ್ ಇಂಡಿಯಾ 2009ರಲ್ಲಿ ಐಐಎಸ್‌ಸಿಯಲ್ಲಿ ಆಯಿತು. ಇಷ್ಟು ವರ್ಷಗಳಲ್ಲಿ ಕೋಡಿನ ಒಂದೊಂದು ಸಾಲನ್ನೂ ಬಿಚ್ಚಿಡುವುದನ್ನು ಕಲಿತೆವು. ಅದೇ ಜನ ಸೇರಿ ನಡೆಸುವ ಕಾರ್ಯಕ್ರಮದಲ್ಲಿ ಒಂದು ಪ್ಲೇಟ್ ಊಟಕ್ಕೆ ಎಷ್ಟಾಯಿತು, ಹಾಲ್ ಬಾಡಿಗೆ ಎಷ್ಟು, ಪ್ಲಾಟಿನಂ ಸ್ಪಾನ್ಸರ್ ನಿಜಕ್ಕೂ ಎಷ್ಟು ಕೊಟ್ಟ ಎಂದು ಕೇಳಿದರೆ ಮಾತ್ರ ಬಹಳ ಕಡೆ ಉತ್ತರ ಸಿಗುವುದಿಲ್ಲ. ಆ ಲೆಕ್ಕ ಒಂದು ಕಾಗದದಲ್ಲಿ ಹಾಕಿಬಿಟ್ಟರೆ ಏಳು ಬೆಲೆಗಳಲ್ಲಿ ನಾಲ್ಕು ತಾವಾಗಿಯೇ ಉದುರಿಹೋಗುತ್ತವೆ ಎಂದು ನನ್ನ ಅನುಮಾನ.

ಪ್ರತಿ ವರ್ಷ ಯಾರಾದರೂ ಒಬ್ಬ ಗ್ರೂಪಿನಲ್ಲಿ ಕೇಳಿಯೇ ಕೇಳುತ್ತಾನೆ: ಖರ್ಚುವೆಚ್ಚದ ವಿವರ ಯಾಕೆ ಹಾಕಬಾರದು? ಐವತ್ತು ಜನ ಹೆಬ್ಬೆರಳು ಒತ್ತುತ್ತಾರೆ. ಆಯೋಜಕರ ಉತ್ತರವೂ ಬರುತ್ತದೆ, ಬಹಳ ವಿನಯದಿಂದ: "ಒಳ್ಳೆಯ ಸಲಹೆ. ಲೆಕ್ಕ ಬರೆಯುವುದಕ್ಕೆ ನಮಗೆ ಒಬ್ಬ ವಾಲಂಟಿಯರ್ ಬೇಕಾಗಿದ್ದಾರೆ. ನೀವೇ ಬರುತ್ತೀರಾ?"

ಆಮೇಲೆ ಕೇಳಿದವನೂ ಇಲ್ಲ, ಆ ಐವತ್ತು ಜನರೂ ಇಲ್ಲ.